ರೋಹಿಣಿಗೆ ಮೊದಲು ಮಳೆಮಾಪಕ



ಕೃತ್ತಿಕೆ ಮಳೆಯ ದಿನಗಳು ನಡೆಯುತ್ತಿವೆ. ಮೇ 25ರ ಸುಮಾರಿಗೆ ರೋಹಿಣಿ ಹುಟ್ಟುತ್ತದೆ. ಅದರ ಬೆನ್ನಿಗೆ ಮೃಗಶಿರ, ಆಮೇಲೆ ಆರಿದ್ರಾ. ಆರಿದ್ರಾ ಹಿಡಿಯಿತೆಂದರೆ ದೇವರಮನೆ ಗುಡ್ಡ ಮಂಜಿನೊಳಗೆ ಹೋಗಿಬಿಡುತ್ತದೆ. ಕಾಲಭೈರವೇಶ್ವರನ ಗುಡಿಯ ಮುಂದೆ ನಿಂತರೆ ಎದುರಿನ ಕೆರೆಯೇ ಕಾಣುವುದಿಲ್ಲ. ಅಷ್ಟರೊಳಗೆ ತೋಟಗಳಲ್ಲಿ ಮುಗಿಸಬೇಕಾದ ಕೆಲಸ ಎಷ್ಟೊಂದು. ಮರಗಸಿ ಮುಗಿಯಬೇಕು, ಅಡಿಕೆಗೆ ಬೋರ್ಡೋ ಹೊಡೆಯಬೇಕು, ಚರಂಡಿ ಬಿಡಿಸಬೇಕು, ಸೌದೆ ಒಳಗೆ ಸೇರಬೇಕು. ಈ ಪಟ್ಟಿಗೆ ಇನ್ನೊಂದು ಕೆಲಸ ಸೇರಿಸಿಕೊಳ್ಳಿ ಎಂದು ಕೇಳುವುದಕ್ಕೆ ನಾನು ಇವತ್ತು ನಿಮ್ಮ ಮುಂದೆ ಬಂದಿದ್ದೇನೆ.

ನಿಮ್ಮೂರಿನ ಪಂಚಾಯಿತಿ ಕಚೇರಿಯ ಹಿಂದೆಯೋ, ಶಾಲೆಯ ಅಂಗಳದ ಮೂಲೆಯಲ್ಲೋ ತಂತಿಬೇಲಿ ಹಾಕಿದ ಒಂದು ಚಿಕ್ಕ ಚೌಕ ಇರಬಹುದು. ಅದರೊಳಗೆ ಒಂದು ಕಂಬ, ಕಂಬದ ಮೇಲೆ ಸೋಲಾರ್ ಪ್ಯಾನೆಲ್, ಒಂದು ಬಿಳಿ ಪೆಟ್ಟಿಗೆ, ಪಕ್ಕದಲ್ಲಿ ಬಾಯಿ ತೆರೆದ ಒಂದು ಸಿಲಿಂಡರು. ಅದು ಮಳೆಮಾಪಕ. ಕೆಲವು ಕಡೆ ಗಾಳಿಯ ಬಟ್ಟಲುಗಳು ತಿರುಗುತ್ತಿರುತ್ತವೆ, ಒಂದರ ಮೇಲೊಂದು ಬಿಳಿ ತಟ್ಟೆ ಜೋಡಿಸಿದಂಥ ಗೂಡಿನಲ್ಲಿ ಉಷ್ಣಾಂಶ ಮತ್ತು ತೇವಾಂಶ ಅಳೆಯುವ ಕಡ್ಡಿ ಇರುತ್ತದೆ. ಅಂಥದ್ದು ಪೂರ್ಣ ಹವಾಮಾನ ಕೇಂದ್ರ. ನಮ್ಮ ರಾಜ್ಯದಲ್ಲಿ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ಹವಾಮಾನ ಕೇಂದ್ರಗಳು ಹೋಬಳಿ ಮಟ್ಟದಲ್ಲಿವೆ. ಮಳೆಮಾಪಕಗಳೇ 6,000ಕ್ಕೂ ಹೆಚ್ಚು. ಇವನ್ನು ನೋಡಿಕೊಳ್ಳುವುದು ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಬರಗಾಲದ ಮೇಲೆ ಕಣ್ಣಿಡುವ ಘಟಕವಾಗಿ ಹುಟ್ಟಿ, 2007ರಲ್ಲಿ ಈಗಿನ ಹೆಸರು ಪಡೆದ ಸಂಸ್ಥೆ ಅದು. ಹದಿನೈದು ನಿಮಿಷಕ್ಕೊಮ್ಮೆ ನಿಮ್ಮೂರಿನ ಪೆಟ್ಟಿಗೆ ಯಲಹಂಕಕ್ಕೆ ಅಂಕಿ ಕಳಿಸುತ್ತದೆ, ಮೊಬೈಲಿನಲ್ಲಿರುವಂಥದೇ ಒಂದು ಸಿಮ್ಮಿನ ಮೂಲಕ. ಬಣಕಲ್, ಕೊಟ್ಟಿಗೆಹಾರ, ಕಳಸ, ಗೋಣಿಬೀಡಿನ ಮಳೆ ಎಷ್ಟೆಂದು ಮಳೆಗಾಲದ ಬೆಳಿಗ್ಗೆ ನೀವು ಓದುವ, ಕೇಳುವ ಲೆಕ್ಕದ ಹಿಂದೆ ಇಂಥ ಪೆಟ್ಟಿಗೆಗಳಿವೆ.

ಯಾರೂ ಹತ್ತಿರ ನಿಂತು ಅಳೆಯಬೇಕಾಗಿಲ್ಲ, ಬರೆಯಬೇಕಾಗಿಲ್ಲ. ಹಾಗಾಗಿ ಅದರ ಕಡೆ ಯಾರೂ ಹೋಗಬೇಕಾಗಿಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದು ತಪ್ಪು. ಮನುಷ್ಯರ ಕೈ ತಾಗದೆ ಹೋದರೆ ಮಲೆನಾಡಿನಲ್ಲಿ ಈ ಯಂತ್ರ ಒಂದೇ ಮಳೆಗಾಲದಲ್ಲಿ ಸುಳ್ಳು ಹೇಳಲು ಶುರುಮಾಡುತ್ತದೆ. ಕೆಟ್ಟ ಪಂಪ್‌ಸೆಟ್ಟು ನೀರು ಎತ್ತುವುದಿಲ್ಲ, ಆಗ ನಮಗೆ ಗೊತ್ತಾಗುತ್ತದೆ. ಕೆಟ್ಟ ಮಳೆಮಾಪಕ ಮಾತ್ರ ಎಂದಿನ ಹಾಗೆಯೇ ಅಂಕಿ ಕಳಿಸುತ್ತಿರುತ್ತದೆ.

ಅದು ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಿಲಿಂಡರಿನ ಬಾಯಿಯ ಕೆಳಗೆ ಒಂದು ಆಲಿಕೆ ಇದೆ. ಆಲಿಕೆಯ ತೂತು ಸಣ್ಣದು. ಅದರ ಕೆಳಗೆ ನಡುವೆ ಕೀಲು ಇಟ್ಟು ನಿಲ್ಲಿಸಿದ ಎರಡು ಪುಟ್ಟ ದೊನ್ನೆಗಳಿವೆ. ಒಂದು ದೊನ್ನೆಗೆ ನೀರು ತುಂಬಿದ ಕೂಡಲೇ ಅದು ಮಗುಚಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆದ್ದು ಆಲಿಕೆಯ ಕೆಳಗೆ ಬರುತ್ತದೆ. ಮಗುಚುವಾಗ ಅದಕ್ಕೆ ಅಂಟಿಸಿದ ಸಣ್ಣ ಅಯಸ್ಕಾಂತ ಒಂದು ಸ್ವಿಚ್ಚಿನ ಮುಂದೆ ಹಾದುಹೋಗುತ್ತದೆ. ಆಗ ಒಂದು ಎಣಿಕೆ. ಯಂತ್ರದ ಮಾದರಿಗೆ ತಕ್ಕಂತೆ ಒಂದು ಎಣಿಕೆ ಎಂದರೆ 0.2 ಮಿಲಿಮೀಟರ್ ಇರಬಹುದು, 0.5 ಮಿಲಿಮೀಟರ್ ಇರಬಹುದು. ಇಡೀ ಮಳೆಗಾಲದ ಲೆಕ್ಕ ನಡೆಯುವುದು ಈ ಎರಡು ದೊನ್ನೆಗಳ ಮಗುಚಾಟದ ಮೇಲೆ.

ಈಗ ನಮ್ಮ ಕಡೆಯ ಗಾಳಿಮಳೆಯನ್ನು ನೆನಪಿಸಿಕೊಳ್ಳಿ. ಸಿಲ್ವರ್ ಓಕಿನ ಎಲೆ ಹಾರಿ ಬರುತ್ತದೆ. ಹಾಲುವಾಣದ ಎಲೆ ಕೊಳೆತು ಬೀಳುತ್ತದೆ. ಹಕ್ಕಿ ಬಂದು ಬಾಯಿಯ ಅಂಚಿನ ಮೇಲೆ ಕೂರುತ್ತದೆ, ಹಿಕ್ಕೆ ಹಾಕುತ್ತದೆ. ಬೇಸಗೆಯಲ್ಲಿ ಧೂಳು ಕೂತಿರುತ್ತದೆ, ಜೇಡ ಬಲೆ ಕಟ್ಟಿರುತ್ತದೆ, ಕಣಜ ಮಣ್ಣಿನ ಗೂಡು ಮಾಡಿರುತ್ತದೆ. ಮೊದಲ ಮಳೆಗೆ ಇದೆಲ್ಲ ಕಲಸಿಕೊಂಡು ಆಲಿಕೆಯ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಜುಲೈ ಹೊತ್ತಿಗೆ ಒಳಗೆಲ್ಲ ಪಾಚಿ. ತೂತು ಪೂರ್ತಿ ಮುಚ್ಚಿದರೆ ನೀರು ಆಲಿಕೆಯಲ್ಲೇ ನಿಂತು ಅಂಚಿನಿಂದ ಹೊರಗೆ ಹರಿಯುತ್ತದೆ. ಹೊರಗೆ ಜಡಿಮಳೆ, ಒಳಗೆ ದೊನ್ನೆ ಅಲ್ಲಾಡುವುದೇ ಇಲ್ಲ. ಯಲಹಂಕಕ್ಕೆ ಹೋಗುವ ಅಂಕಿ ಸೊನ್ನೆ.

ಅರ್ಧ ಮುಚ್ಚಿದರೆ ಇನ್ನೂ ಕಷ್ಟ. ಆಗ ಯಂತ್ರ ಕೆಟ್ಟಿದೆಯೆಂದೇ ತಿಳಿಯುವುದಿಲ್ಲ. ಸಂಜೆ ಒಂದು ಗಂಟೆ ಬಿರುಸಾಗಿ ಹೊಡೆದ ಮಳೆ ಆಲಿಕೆಯಲ್ಲಿ ನಿಂತುಕೊಂಡು ರಾತ್ರಿಯಿಡೀ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಲೆಕ್ಕದಲ್ಲಿ ಬಿರುಸಿನ ಮಳೆ ಕಾಣುವುದೇ ಇಲ್ಲ, ಎಂಟು ಹತ್ತು ಗಂಟೆ ಸುರಿದ ಮೆಲುಸೋನೆ ಕಾಣುತ್ತದೆ. ಅನುಭವಿ ಕಣ್ಣಿದ್ದವರು ಇದನ್ನು ಪರದೆಯ ಮೇಲೆ ನೋಡಿಯೇ ಗುರುತಿಸುತ್ತಾರೆ. ಮಲೆನಾಡಿನ ಮಳೆ ಯಾವತ್ತೂ ಒಂದೇ ಸಮನೆ ಬೀಳುವುದಿಲ್ಲ. ಬೀಸುತ್ತದೆ, ನಿಲ್ಲುತ್ತದೆ, ಹೊಳವು ಕೊಡುತ್ತದೆ, ಮತ್ತೆ ಹೊಡೆಯುತ್ತದೆ. ಗಂಟೆಗಟ್ಟಲೆ ಗೆರೆ ಎಳೆದ ಹಾಗೆ ಸಮನಾಗಿ ಮಳೆ ದಾಖಲಾಗಿದ್ದರೆ, ಅದರಲ್ಲೂ ಸುತ್ತಲಿನ ಊರುಗಳಲ್ಲಿ ಬಿಸಿಲು ಬಿದ್ದ ಹೊತ್ತಿನಲ್ಲಿ ಹಾಗೆ ದಾಖಲಾಗಿದ್ದರೆ, ಅದು ಆಲಿಕೆ ಕಟ್ಟಿಕೊಂಡಿರುವ ಗುರುತು.

ಸೊನ್ನೆಯ ವಿಷಯ ಹೇಳಿದೆನಲ್ಲ, ಅಲ್ಲೇ ಸ್ವಲ್ಪ ನಿಲ್ಲುತ್ತೇನೆ. ಬ್ಯಾಟರಿ ಸತ್ತರೆ, ಟವರಿಗೆ ಕರೆಂಟು ಹೋದರೆ, ಯಲಹಂಕದ ಪಟ್ಟಿಯಲ್ಲಿ ನಿಮ್ಮೂರಿನ ಮನೆ ಖಾಲಿ ಉಳಿಯುತ್ತದೆ. ಖಾಲಿ ಎಂದರೆ ಗೊತ್ತಿಲ್ಲ ಎಂದು ಅರ್ಥ. ಅದರಲ್ಲಿ ಮೋಸವಿಲ್ಲ. ನೋಡಿದವರು ಅಕ್ಕಪಕ್ಕದ ಊರಿನ ಅಂಕಿ ನೋಡಿ ಅಂದಾಜು ಮಾಡುತ್ತಾರೆ, ಯಾರನ್ನಾದರೂ ಕಳಿಸುತ್ತಾರೆ. ಟವರ್ ಮಾತ್ರ ಹೋಗಿದ್ದರೆ ಪೆಟ್ಟಿಗೆಯ ನೆನಪಿನಲ್ಲಿ ಅಂಕಿ ಉಳಿದಿರುತ್ತದೆ, ಸಂಪರ್ಕ ಬಂದ ಮೇಲೆ ಹಿಂದಿನದೂ ಹೋಗಿ ಸೇರುತ್ತದೆ. ಆಲಿಕೆ ಕಟ್ಟಿಕೊಂಡು ಬರುವ ಸೊನ್ನೆ ಹಾಗಲ್ಲ. ಇಲ್ಲಿ ಮಳೆಯೇ ಬಂದಿಲ್ಲ ಎಂದು ಅದು ಖಚಿತವಾಗಿ ಹೇಳುತ್ತದೆ. ಗುಡ್ಡದ ಮಣ್ಣು ನೀರು ಕುಡಿದು ಭಾರವಾಗುತ್ತಿರುವ ರಾತ್ರಿ ಆ ಸೊನ್ನೆಯನ್ನು ನಂಬಿ ಕೂತರೆ ಏನಾದೀತು ಎಂಬುದೇ ನನ್ನ ಚಿಂತೆ.

2019ರ ಆಗಸ್ಟ್ ತಿಂಗಳನ್ನು ಮೂಡಿಗೆರೆಯವರಾಗಲಿ ಕಳಸದವರಾಗಲಿ ಮರೆಯುವುದಿಲ್ಲ. ಮಲೆಮನೆಯಲ್ಲಿ ಗುಡ್ಡ ಜರಿದು ಮನೆಗಳು ಹೋದವು. ಚಾರ್ಮಾಡಿ ಘಾಟಿ ಕುಸಿದು ದಾರಿ ಮುಚ್ಚಿತು. ತೋಟಕ್ಕೆ ತೋಟವೇ ಜಾರಿದ್ದನ್ನು ಕಣ್ಣಾರೆ ಕಂಡವರು ನಮ್ಮ ನಡುವೆ ಇದ್ದಾರೆ. ಅಂಥ ದಿನಗಳಲ್ಲಿ ಬೆಳಿಗ್ಗೆ ಎಂಟೂವರೆಗೆ ಬರುವ ಇಪ್ಪತ್ನಾಲ್ಕು ಗಂಟೆಯ ಮೊತ್ತ ಸಾಲದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ದಿನಕ್ಕೆ 64.5 ಮಿಲಿಮೀಟರಿನಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ ಮಳೆ, 204.5ರಿಂದ ಅತ್ಯಂತ ಭಾರಿ ಮಳೆ. ಆದರೆ 100 ಮಿಲಿಮೀಟರ್ ಮಳೆ ಹಗಲೂ ರಾತ್ರಿ ನಿಧಾನಕ್ಕೆ ಬಿದ್ದರೆ ಒಂದು ಪರಿಣಾಮ, ನಡುರಾತ್ರಿ ಎರಡೇ ಗಂಟೆಯಲ್ಲಿ ಬಿದ್ದರೆ ಬೇರೆಯೇ ಪರಿಣಾಮ. ಆ ವ್ಯತ್ಯಾಸವನ್ನು ತಿಳಿಸಬಲ್ಲದ್ದು ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಕೊಡುವ ಈ ಯಂತ್ರ ಮಾತ್ರ. ಅದಕ್ಕಾಗಿಯೇ ಅದನ್ನು ಇಟ್ಟದ್ದು. ಅರ್ಧ ಕಟ್ಟಿದ ಆಲಿಕೆ ಕೆಡಿಸುವುದೂ ಅದೇ ಗುಣವನ್ನು.

ದೇವರಮನೆಯ ಏಣಿನ ಮೇಲೆ ನಿಂತು ನೋಡಿದರೆ ಇದು ಒಂದು ಊರಿನ ಸಂಗತಿಯಷ್ಟೇ ಅಲ್ಲವೆಂದು ತಿಳಿಯುತ್ತದೆ. ಈ ಕಡೆ ಬಿದ್ದ ನೀರು ಹೇಮಾವತಿಗೆ ಸೇರಿ ಗೊರೂರಿನ ಅಣೆಕಟ್ಟೆಗೆ, ಅಲ್ಲಿಂದ ಕಾವೇರಿಗೆ. ಪಡುವಣ ಇಳಿಜಾರಿನಲ್ಲಿ ಬಿದ್ದದ್ದು ನೇತ್ರಾವತಿಗೆ, ಕಡಲಿಗೆ. ಕಳಸದ ಕಡೆಯದು ಭದ್ರೆಗೆ, ಲಕ್ಕವಳ್ಳಿಯ ಅಣೆಕಟ್ಟೆಗೆ. ಮೂರು ದಿಕ್ಕಿನ ಹೊಳೆಗಳ ನೀರಿನ ಅಂದಾಜು ನಮ್ಮ ಈ ಸಣ್ಣ ಸಣ್ಣ ಆಲಿಕೆಗಳಿಂದ ಶುರುವಾಗುತ್ತದೆ. ಜೊತೆಗೆ ಮಳೆಯ ಹಂಚಿಕೆ ನಮ್ಮಲ್ಲಿ ಹೇಗಿದೆ ಎಂಬುದು ನಿಮಗೇ ಗೊತ್ತು. ಕಡೂರಿನ ಕಡೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ. ಅದೇ ಜಿಲ್ಲೆಯ ಘಟ್ಟದ ಅಂಚಿನಲ್ಲಿ ಅದರ ಹಲವು ಪಟ್ಟು. ಒಂದು ಗುಡ್ಡ ದಾಟಿದರೆ ಮಳೆ ಅರ್ಧಕ್ಕಿಳಿಯುವ ನಾಡು ಇದು. ಬಯಲುಸೀಮೆಯಲ್ಲಿ ಒಂದು ಮಾಪಕ ಕೆಟ್ಟರೆ ಪಕ್ಕದ್ದು ಅಷ್ಟಿಷ್ಟು ಉತ್ತರ ಹೇಳೀತು. ಇಲ್ಲಿ ಗುತ್ತಿಯ ಮಳೆಗೆ ಮೂಡಿಗೆರೆ ಪೇಟೆ ಸಾಕ್ಷಿ ಹೇಳಲಾರದು.

ಹಾಗಾದರೆ ಮಾಡಬೇಕಾದ ಕೆಲಸ ಏನು? ನಿರ್ವಹಣೆಗೆ ಬರುವ ಹುಡುಗರ ಜೊತೆ ನಾನು ಹಲವು ಸಲ ಓಡಾಡಿದ್ದೇನೆ. ಅವರು ಮಾಡುವುದನ್ನು ನೋಡಿ ಕಲಿತದ್ದನ್ನೇ ಹೇಳುತ್ತೇನೆ.

ಮೊದಲು ಮುಚ್ಚಳದ ಸಿಲಿಂಡರು ತೆಗೆಯುವುದಕ್ಕೆ ಮುಂಚೆ ಹೊತ್ತು ಬರೆದುಕೊಳ್ಳುತ್ತಾರೆ. ಒಳಗೆ ಕೈ ಹಾಕುವಾಗ ದೊನ್ನೆ ಅಲ್ಲಾಡಿದರೆ ಯಂತ್ರಕ್ಕೆ ಅದೂ ಮಳೆಯೇ. ಬಿಸಿಲಿನ ಮಧ್ಯಾಹ್ನ ಐದು ಮಿಲಿಮೀಟರ್ ಮಳೆ ಬಂತೆಂದು ದಾಖಲಾಗಿಬಿಡುತ್ತದೆ. ಆದ್ದರಿಂದ ಎಣಿಕೆಯ ತಂತಿ ಬಿಚ್ಚುತ್ತಾರೆ, ಇಲ್ಲವೇ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಕೆಲಸ ನಡೆಯಿತು ಎಂದು ಕೇಂದ್ರಕ್ಕೆ ತಿಳಿಸುತ್ತಾರೆ. ಆಮೇಲೆ ಆಲಿಕೆ ಮತ್ತು ಜಾಲರಿಯನ್ನು ಬರಿಯ ನೀರಿನಿಂದ, ಮೆತ್ತನೆ ಬ್ರಷ್ಷಿನಿಂದ ತೊಳೆಯುತ್ತಾರೆ. ತಂತಿ ತೂರಿಸಿ ತೂತು ಬಿಡಿಸಬಾರದು, ತೂತು ದೊಡ್ಡದಾದರೆ ಅಳತೆ ಹಾಳು. ದೊನ್ನೆಗೆ ಸೋಪು ಹಚ್ಚಬಾರದು, ಕೀಲಿಗೆ ಎಣ್ಣೆ ಬಿಡಬಾರದು, ದೊನ್ನೆಯ ಒಳಗೆ ಬೆರಳೂ ಇಡಬಾರದು. ಎಣ್ಣೆಯ ಪಸೆ ತಾಗಿದ ಕಡೆ ನೀರು ಬೇರೆ ರೀತಿ ನಿಲ್ಲುತ್ತದೆ, ಮಗುಚುವ ಹೊತ್ತು ತಪ್ಪುತ್ತದೆ. ನಮ್ಮ ಮೇಸ್ತ್ರಿಗಳಿಗೆ ಕಿರುಗುಟ್ಟುವ ಕೀಲು ಕಂಡರೆ ಎಣ್ಣೆ ಬಿಡುವ ಕೈ. ಇಲ್ಲಿ ಮಾತ್ರ ಬೇಡ.

ಆಮೇಲೆ ರಸಮಟ್ಟ ಇಡುತ್ತಾರೆ. ಬಾಯಿ ಒಂದಿಷ್ಟು ವಾಲಿದರೂ ಲೆಕ್ಕ ಕೆಡುತ್ತದೆ. ಮಳೆಗೆ ಮೆದುವಾದ ನೆಲದಲ್ಲಿ ಕಾಂಕ್ರೀಟಿನ ದಿಂಡು ಒಂದು ಕಡೆ ಕೂತಿರುತ್ತದೆ, ದನ ಮೈ ಉಜ್ಜಿ ಕಂಬ ಬಾಗಿರುತ್ತದೆ. ಈ ಪರೀಕ್ಷೆಗೆ ಎರಡು ನಿಮಿಷ ಸಾಕು. ಆದರೂ ಇದನ್ನೇ ಬಿಟ್ಟುಬಿಡುವವರು ಹೆಚ್ಚು.

ಕೊನೆಗೆ ಅಳತೆಯ ಪರೀಕ್ಷೆ. ಇದು ನನಗೆ ಬಹಳ ಇಷ್ಟವಾದ ಭಾಗ, ಯಾಕೆಂದರೆ ಹೈಸ್ಕೂಲು ಮಕ್ಕಳೂ ಇದರ ಲೆಕ್ಕ ಮಾಡಬಲ್ಲರು. ಮಾಪಕದ ಬಾಯಿಯ ವ್ಯಾಸ 20 ಸೆಂಟಿಮೀಟರ್ ಇದ್ದರೆ ಅದರ ವಿಸ್ತೀರ್ಣ 314 ಚದರ ಸೆಂಟಿಮೀಟರ್. ಅದರ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ 31.4 ಮಿಲಿಲೀಟರ್ ನೀರು. ಹಾಗಿದ್ದರೆ 628 ಮಿಲಿಲೀಟರ್ ನೀರನ್ನು ಆಲಿಕೆಗೆ ಬಿಟ್ಟರೆ ಯಂತ್ರ 20 ಮಿಲಿಮೀಟರ್ ತೋರಿಸಬೇಕು. ಒಂದು ಮಗುಚಿಗೆ 0.2 ಆದರೆ 100 ಎಣಿಕೆ, 0.5 ಆದರೆ 40 ಎಣಿಕೆ. ನೀರನ್ನು ಸುರಿಯಬಾರದು, ತೊಟ್ಟಿಕ್ಕಿಸಬೇಕು. ಸಣ್ಣ ತೂತಿನ ಬಾಟಲಿ ಬೋರಲು ಹಾಕಿ ಅರ್ಧ, ಮುಕ್ಕಾಲು ಗಂಟೆ ಕಾಯಬೇಕು. ಬೇಗ ಬಿಟ್ಟರೆ ದೊನ್ನೆ ಮಗುಚುತ್ತಿರುವ ಕ್ಷಣದಲ್ಲೂ ನೀರು ಬೀಳುತ್ತಿರುತ್ತದೆ, ಅದು ಎಣಿಕೆಗೆ ಸಿಗದೆ ಹೋಗುತ್ತದೆ. ನಿಜವಾದ ಬಿರುಮಳೆಯಲ್ಲೂ ಹೀಗೇ ಆಗುತ್ತದೆ. ಹಾಗಾಗಿ ಈ ಜಾತಿಯ ಮಾಪಕಗಳು ಬಿರುಸಾದ ಮಳೆಯನ್ನು ಇದ್ದದ್ದಕ್ಕಿಂತ ಕೊಂಚ ಕಡಿಮೆಯೇ ತೋರಿಸುತ್ತವೆ. 100 ಬರಬೇಕಾದಲ್ಲಿ 90 ಬಂದರೆ ದೊನ್ನೆಯ ಕೆಳಗಿನ ತಿರುಪು ತಿರುಗಿಸಿ ಸರಿಮಾಡಬೇಕು. ಒಮ್ಮೊಮ್ಮೆ 100ಕ್ಕೆ ಬದಲು 130, 140 ಬರುತ್ತದೆ. ಅಂದರೆ ಸ್ವಿಚ್ಚು ಹಳತಾಗಿ ಒಂದನ್ನು ಎರಡೆಂದು ಎಣಿಸುತ್ತಿದೆ, ಬದಲಿಸಬೇಕು.

ಮಳೆಮಾಪಕದಷ್ಟು ಹೊತ್ತನ್ನು ಉಳಿದವುಗಳಿಗೆ ಕೊಡುವುದಿಲ್ಲ, ಆದರೆ ಒಂದೊಂದು ಮಾತು ಹೇಳಲೇಬೇಕು. ಜುಲೈ ತಿಂಗಳಲ್ಲಿ ನಮ್ಮಲ್ಲಿ ದಿನಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಮೋಡದ ಮಂದ ಬೆಳಕಿನಿಂದಲೇ ಬ್ಯಾಟರಿ ತುಂಬಬೇಕು. ಪ್ಯಾನೆಲ್ಲಿನ ಮೇಲೆ ಪಾಚಿಯ ಪೊರೆ ಇದ್ದರೆ, ಪಕ್ಕದ ಮರದ ನೆರಳು ಬಿದ್ದರೆ, ಅಷ್ಟೂ ಸಿಗುವುದಿಲ್ಲ. ಹಳೆಯ ಬ್ಯಾಟರಿ ಬೇಸಗೆಯಲ್ಲಿ ಚೆನ್ನಾಗಿಯೇ ಇದ್ದಂತೆ ಕಂಡು ಆರಿದ್ರಾ ಮಳೆಗೆ ಕೈಕೊಡುತ್ತದೆ. ಮಳೆ ಹೆಚ್ಚಾದ ದಿನವೇ ಅಂಕಿ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಅದನ್ನು ಮೇ ತಿಂಗಳಲ್ಲೇ ಬದಲಿಸಬೇಕು, ಸತ್ತ ಮೇಲೆ ಅಲ್ಲ. ಪೆಟ್ಟಿಗೆಯ ಬಾಗಿಲಿನ ರಬ್ಬರು ಸವೆದಿದ್ದರೆ ಒಳಗೆ ಹಬೆ ಕಟ್ಟುತ್ತದೆ. ಒಳಗಿಟ್ಟ ಸಿಲಿಕಾ ಜೆಲ್ ಬಣ್ಣ ತಿರುಗಿದ್ದರೆ ತೇವ ಕುಡಿದು ತುಂಬಿದೆ ಎಂದು ಅರ್ಥ. ತಂತಿ ಒಳಹೋಗುವ ತೂತು ಕೆಳಮುಖವಾಗಿರಬೇಕು, ತಂತಿ ಒಂದು ಬಳಸು ಕೆಳಗಿಳಿದು ಮೇಲೇರಬೇಕು. ಇಲ್ಲದಿದ್ದರೆ ನೀರು ತಂತಿಯ ಗುಂಟ ನೇರ ಒಳಗೆ ಹೋಗುತ್ತದೆ. ಇರುವೆ, ಗೆದ್ದಲು, ಇಲಿ ಇವೆಲ್ಲ ಬೆಚ್ಚಗಿನ ಆ ಪೆಟ್ಟಿಗೆಯನ್ನು ಹುಡುಕಿಕೊಂಡು ಬರುತ್ತವೆ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಅರ್ಥಿಂಗ್ ಗಟ್ಟಿಯಿರಬೇಕು.

ಗಾಳಿಯ ದಿಕ್ಕು ತೋರಿಸುವ ಪಟ್ಟಿಯ ಮೂತಿ ಒಂದೇ ಕಡೆಗೆ ಸಿಕ್ಕಿಕೊಂಡಿದೆಯೇ, ಬಟ್ಟಲುಗಳು ಮೆಲ್ಲನೆ ಊದಿದರೂ ತಿರುಗುತ್ತವೆಯೇ, ಬಿಳಿ ತಟ್ಟೆಗಳು ಬಿಳಿಯಾಗಿಯೇ ಇವೆಯೇ, ಇದನ್ನೆಲ್ಲ ನೋಡಬೇಕು. ಜುಲೈ ತಿಂಗಳಲ್ಲಿ ವಾರವಿಡೀ ಮೂಡಣ ಗಾಳಿ ಬೀಸಿತೆಂದು ದೇವರಮನೆ ಕಡೆಯಿಂದ ಅಂಕಿ ಬಂದರೆ ಯಾರಾದರೂ ನಂಬುತ್ತಾರೆಯೇ? ಬಣ್ಣ ಹೊಡೆಯುವಾಗ ಕಂಬ ತಿರುಗಿಸಿ, ಉತ್ತರದ ಗುರುತನ್ನು ಮತ್ತೆ ಸರಿಯಾಗಿ ಕೂರಿಸದಿದ್ದರೆ ಹಾಗಾಗುತ್ತದೆ. ತೇವಾಂಶದ ಕಡ್ಡಿ ಮೂರು ತಿಂಗಳು ಮಂಜಿನಲ್ಲಿ ನೆನೆದು, ಮಳೆ ಬಿಟ್ಟ ಮೇಲೂ ನೂರಕ್ಕೆ ನೂರು ಎನ್ನುತ್ತಲೇ ಇರುತ್ತದೆ. ದಸರೆಯ ಹೊತ್ತಿಗೆ ಅದನ್ನು ಒದ್ದೆ ಬಲ್ಬು, ಒಣ ಬಲ್ಬುಗಳ ಹಳೆಯ ತಾಪಮಾಪಕದ ಜೊತೆ ಹೋಲಿಸಿ ನೋಡಲೇಬೇಕು.

ಜಾಗದ ಮಾತು ಬಂದರೆ ನನಗೆ ಸಿಲ್ವರ್ ಓಕಿನ ಮೇಲೆ ಸ್ವಲ್ಪ ಸಿಟ್ಟು. ಕಾಫಿಗೆ ನೆರಳು, ಮೆಣಸಿಗೆ ಆಸರೆ, ಎಲ್ಲ ಸರಿ. ಆದರೆ ಎಷ್ಟು ಬೇಗ ಬೆಳೆಯುತ್ತದೆ! ಮಾಪಕ ಇಟ್ಟ ವರ್ಷ ಬಯಲಾಗಿದ್ದ ಜಾಗದ ಸುತ್ತ ಕೆಲವೇ ವರ್ಷದಲ್ಲಿ ಗೋಡೆಯ ಹಾಗೆ ಮರ ಎದ್ದಿರುತ್ತವೆ. ಮರ ಎಷ್ಟು ಎತ್ತರವೋ ಕನಿಷ್ಠ ಅದರ ಎರಡು ಪಟ್ಟು ದೂರದಲ್ಲಿ ಮಾಪಕ ಇರಬೇಕು, ಸಾಧ್ಯವಾದರೆ ನಾಲ್ಕು ಪಟ್ಟು. ಇಲ್ಲದಿದ್ದರೆ ಮರ ಮಳೆಯನ್ನು ತಡೆಯುತ್ತದೆ, ಗಾಳಿ ಬೀಸಿದಾಗ ಎಲೆಯ ನೀರನ್ನು ಒಮ್ಮೆಲೆ ಉದುರಿಸುತ್ತದೆ. ಹಾಗೆಂದು ಪೂರ್ತಿ ಬೋಳು ನೆತ್ತಿಯಲ್ಲಿ ಇಟ್ಟರೂ ಆಗದು. ದೇವರಮನೆಯಂಥ ಹುಲ್ಲುಗುಡ್ಡದ ಮೇಲೆ ಮಳೆ ಮೇಲಿನಿಂದ ಬೀಳುವುದಕ್ಕಿಂತ ಅಡ್ಡಡ್ಡ ಹೊಡೆಯುವುದೇ ಹೆಚ್ಚು. ಗಾಳಿ ಮಾಪಕದ ಬಾಯಿಯ ಮೇಲೆ ಹಾದು ಹನಿಗಳನ್ನು ಎತ್ತಿಕೊಂಡು ಹೋಗುತ್ತದೆ. ಅಲ್ಲಿ ಸಿಕ್ಕ ಅಂಕಿ ಬಿದ್ದ ಮಳೆಗಿಂತ ಕಡಿಮೆಯೇ. ನಾಲ್ಕು ದಿಕ್ಕಿಗೂ ಒಂದೊಂದು ಫೋಟೊ ತೆಗೆದು ವರ್ಷ ವರ್ಷ ಇಟ್ಟುಕೊಂಡರೆ ಸುತ್ತಲಿನ ಮರ, ಕಟ್ಟಡ ಹೇಗೆ ಬೆಳೆದವು ಎಂಬುದು ಮುಂದೆ ಅಂಕಿ ನೋಡುವವರಿಗೆ ತಿಳಿಯುತ್ತದೆ. ಏನೇನು ಮಾಡಿದೆವು ಎಂಬ ಬರಹವೂ ಅಷ್ಟೇ ಮುಖ್ಯ. ಯಾವ ದಿನ ತೊಳೆದದ್ದು, ಯಾವ ದಿನ ಸ್ವಿಚ್ಚು ಬದಲಿಸಿದ್ದು ಎಂದು ಬರೆಯದಿದ್ದರೆ, ಅಂಕಿಯಲ್ಲಿ ಕಾಣುವ ಏರಿಳಿತ ಆಕಾಶದ್ದೋ ಯಂತ್ರದ್ದೋ ಎಂದು ಹತ್ತು ವರ್ಷದ ಮೇಲೆ ಹೇಳುವವರು ಯಾರು?

ರೈತರಿಗೆ ಇದು ಹಣದ ವಿಷಯವೂ ಹೌದು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ನಮ್ಮ ಅಡಿಕೆ, ಕಾಳುಮೆಣಸಿಗೆ ಪರಿಹಾರ ಸಿಗುವುದು ತೋಟ ನೋಡಿ ಅಲ್ಲ. ಪಂಚಾಯಿತಿಯ ಮಾಪಕದ ಅಂಕಿ ನೋಡಿ. ಕೊಳೆರೋಗ ಬಂದು ಕಾಯಿ ಉದುರಿದೆ, ಆದರೆ ದಾಖಲೆಯಲ್ಲಿ ಮಳೆ ಮಿತಿ ದಾಟಿಲ್ಲ ಎಂದರೆ ರೈತ ಏನು ಮಾಡಬೇಕು? ಬಣಕಲ್ ಸಂತೆಯಲ್ಲಿ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿ ಕೇಳಿದರು: "ಅಲ್ಲ ಮಾರಾಯ, ನಮ್ ತೋಟದಲ್ಲಿ ಮೂರು ಇಂಚು ಹೊಡ್ದಿದೆ. ಪಂಚಾಯ್ತಿ ಲೆಕ್ಕದಲ್ಲಿ ಅರ್ಧ ಇಂಚು ಅಂತಾರಲ್ಲ, ಇದೆಂಥ ಕಥೆ?" ಗುಡ್ಡದ ಆಚೆ ಈಚೆ ಮಳೆಯಲ್ಲಿ ಅಷ್ಟು ವ್ಯತ್ಯಾಸ ಇರುವುದುಂಟು ಎಂದೆ. "ಅದು ನಂಗೂ ಗೊತ್ತು. ದಿನಾ ಹಂಗೇ ಇದ್ರೆ?" ಎಂದರು. ಅವರ ಆ ಎರಡನೇ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಒಂದು ದಿನದ ವ್ಯತ್ಯಾಸ ಗುಡ್ಡದ್ದು ಇರಬಹುದು. ದಿನವೂ ಒಂದೇ ಕಡೆಗೆ ವಾಲುವ ವ್ಯತ್ಯಾಸ ಯಂತ್ರದ್ದು.

ಅದನ್ನು ಹಿಡಿಯುವ ಸಾಧನ ನಮ್ಮ ತೋಟಗಳಲ್ಲಿ ಆಗಲೇ ಇದೆ. ಮಳೆ ಅಳೆಯುವುದು ನಮಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ 1890ರ ದಶಕದಲ್ಲೇ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ಮೇಲ್ವಿಚಾರಣೆಯಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳ ವೀಕ್ಷಣಾಲಯಗಳ ವರದಿ, ಸಂಸ್ಥಾನದ ಮಳೆ ದಾಖಲೆಯ ವರದಿ ಅಚ್ಚಾಗಿ ಬರುತ್ತಿದ್ದವು. ತೋಟಗಳಲ್ಲಂತೂ ರೈಟರು ಬೆಳಿಗ್ಗೆ ಮಾಪಕದ ನೀರನ್ನು ಅಳತೆ ಪಾತ್ರೆಗೆ ಬಗ್ಗಿಸಿ, ಒಂದು ಇಂಚು ಇಪ್ಪತ್ತು ಸೆಂಟು ಎಂದು ಪುಸ್ತಕದಲ್ಲಿ ಬರೆಯುವ ಪದ್ಧತಿ ತಲೆಮಾರುಗಳಿಂದ ಇದೆ. ಬೆಳೆಗಾರರಿಗೆ ಅದರ ಬೆಲೆ ಗೊತ್ತು. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಒಂದು ಇಂಚು ಬಂತೇ, ಬರೀ ಮೂವತ್ತು ಸೆಂಟು ಬಂತೇ ಎಂಬುದರ ಮೇಲೆ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂದು ಆ ರಾತ್ರಿಯೇ ತೀರ್ಮಾನ ಆಗಬೇಕು. ಅರೆಬರೆ ನೆನೆದರೆ ಮೊಗ್ಗು ಸರಿಯಾಗಿ ಅರಳದೆ ಕೆಡುತ್ತದೆ.

ಈ ಕೈಮಾಪಕವನ್ನೂ ಆ ಯಂತ್ರವನ್ನೂ ಒಂದರ ಎದುರು ಒಂದು ನಿಲ್ಲಿಸಬೇಕಾಗಿಲ್ಲ. ರಾತ್ರಿ ಎಷ್ಟು ಹೊತ್ತಿಗೆ ಬಿರುಸಾಯಿತು ಎಂದು ಕೈಮಾಪಕ ಹೇಳಲಾರದು, ಆದರೆ ಅದರ ಮೊತ್ತ ತಪ್ಪುವುದು ಕಡಿಮೆ. ಯಂತ್ರ ಹೊತ್ತು ಹೇಳುತ್ತದೆ, ಆದರೆ ಅದರ ಮೊತ್ತವನ್ನು ಆಗಾಗ ಯಾರಾದರೂ ಪರೀಕ್ಷಿಸುತ್ತಿರಬೇಕು. ನಿರ್ವಹಣೆಯ ತಂಡಕ್ಕೆ ಸಾವಿರಾರು ಯಂತ್ರಗಳು. ಘಟ್ಟದ ಅಂಚಿನ ಊರುಗಳಿಗೆ ಮಳೆಗಾಲದಲ್ಲಿ ಬೈಕಿನಲ್ಲಿ ಬರುವುದೇ ಸಾಹಸ, ಮರ ಬಿದ್ದ ದಾರಿ, ಊರುಬಗೆ, ಭೈರಾಪುರದ ಕಡೆ ಆನೆಯ ಭಯ, ಬೇಲಿಯೊಳಗೆ ಕಾಲಿಟ್ಟರೆ ಇಂಬಳ. ಅವರು ಮೇ ತಿಂಗಳಲ್ಲಿ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಪೂರ್ತಿ ಕೆಲಸ ಮಾಡಿಹೋದರೂ ನಡುವಿನ ನಾಲ್ಕು ತಿಂಗಳು ಆಲಿಕೆ ನೋಡುವವರು ಊರಿನವರೇ ಆಗಬೇಕು. ಪಂಚಾಯಿತಿಗಳಿಗೆ ನನ್ನ ವಿನಂತಿ ಇಷ್ಟು: ನೀರುಗಂಟಿಗೋ, ಶಾಲೆಯ ಒಬ್ಬ ಮೇಷ್ಟರಿಗೋ ಈ ಜವಾಬ್ದಾರಿಯನ್ನು ಬರವಣಿಗೆಯಲ್ಲಿ ಕೊಡಿ, ಅದಕ್ಕೊಂದು ಗೌರವಧನ ಕೊಡಿ, ತಂಡದವರಿಂದ ಅರ್ಧ ದಿನ ತರಬೇತಿ ಕೊಡಿಸಿ. ಅವರು ಪೆಟ್ಟಿಗೆ ಬಿಚ್ಚುವುದು ಬೇಡ. ಹದಿನೈದು ದಿನಕ್ಕೊಮ್ಮೆ ಆಲಿಕೆಯ ಎಲೆ ತೆಗೆಯುವುದು, ಬೇಲಿಯೊಳಗಿನ ಹುಲ್ಲು ಸವರುವುದು, ಪ್ಯಾನೆಲ್ ಒರೆಸುವುದು, ದಿನಾಂಕ ಬರೆಯುವುದು. ಬಿಗಿ ಪಾಚಿ ಕಂಡರೆ ತಾವು ಕೆರೆಯದೆ ಫೋನು ಮಾಡುವುದು.

ಬೆಳೆಗಾರ ಗೆಳೆಯರೇ, ಅಕ್ಕತಂಗಿಯರೇ, ನಿಮ್ಮ ಕೆಲಸ ರೋಹಿಣಿಯ ಮೊದಲ ಮಳೆಯ ಮಾರನೇ ಬೆಳಿಗ್ಗೆ ಶುರು. ಸರಿಯಾಗಿ ಎಂಟೂವರೆಗೆ ಅಳೆಯಿರಿ, ಏಕೆಂದರೆ ಇಲಾಖೆಯ ಮಳೆದಿನ ಎಂಟೂವರೆಗೆ ಮುಗಿಯುತ್ತದೆ. ಏಳಕ್ಕೆ ಅಳೆದರೆ ಹೋಲಿಕೆ ಕೂಡುವುದಿಲ್ಲ. ಇಂಚನ್ನು 25.4ರಿಂದ ಗುಣಿಸಿ ಮಿಲಿಮೀಟರ್ ಮಾಡಿಕೊಳ್ಳಿ. ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಕರೆಮಾಡಿ ನಿಮ್ಮೂರಿನ ಅಂಕಿ ಕೇಳಿ, ಪಕ್ಕದಲ್ಲೇ ಬರೆದುಕೊಳ್ಳಿ. ಎರಡು ವಾರ ಹೀಗೆ ಬರೆದ ಮೇಲೆ ಯಂತ್ರದ್ದು ಸದಾ ಕಡಿಮೆಯೇ ಕಂಡರೆ ಆ ಹಾಳೆಯ ಫೋಟೊ ಸಮೇತ ಪಂಚಾಯಿತಿಗೂ ಸಹಾಯವಾಣಿಗೂ ತಿಳಿಸಿ. ಬಾಯಿಮಾತಿನ ದೂರಿಗಿಂತ ಹದಿನಾಲ್ಕು ದಿನದ ಎರಡು ಸಾಲು ಅಂಕಿಗೆ ಬೆಲೆ ಹೆಚ್ಚು. ಮಾಪಕದ ಜೊತೆ ಬಂದ ಗಾಜಿನ ಪಾತ್ರೆ ಒಡೆದುಹೋಗಿದ್ದರೆ ಈ ವಾರವೇ ಹೊಸದು ತರಿಸಿಕೊಳ್ಳಿ. ತರಿಸುವಾಗ ನಿಮ್ಮ ಮಾಪಕದ ಬಾಯಿಯ ವ್ಯಾಸವನ್ನು ಅಳೆದು ಹೇಳಿ. ಹಳೆಯ ಐದು ಇಂಚು ಬಾಯಿಯ ತಾಮ್ರದ ಮಾಪಕಕ್ಕೆ ಒಂದು ಪಾತ್ರೆ, ಈಗಿನ ಫೈಬರ್ ಮಾಪಕಕ್ಕೆ ಬೇರೆ ಪಾತ್ರೆ. ಒಂದರದ್ದನ್ನು ಇನ್ನೊಂದಕ್ಕೆ ಬಳಸಿದರೆ ವರ್ಷವಿಡೀ ಲೆಕ್ಕ ತಪ್ಪುತ್ತದೆ.